ದ್ರಾಕ್ಷಿ ತೋಟವನ್ನೂ ಕಾಡನ್ನೂ ಒಂದೇ ಪ್ರವಾಸದಲ್ಲಿ ಹೊಂದಿಸುವುದು ಹೇಗೆ?

ಹೇಮಾವತಿ ದಂಡೆ, ಹಾಸನ

ಎಲ್ಲರಿಗೂ ನಮಸ್ಕಾರ. ಮಕ್ಕಳಿಬ್ಬರೂ ಓದಿಗೆಂದು ಊರು ಬಿಟ್ಟ ಮೇಲೆ ನಾನು ಮತ್ತು ನಮ್ಮ ಯಜಮಾನರು ವರ್ಷಕ್ಕೆ ಎರಡು ಬಾರಿಯಾದರೂ ನಮ್ಮದೇ ಕಾರಿನಲ್ಲಿ ನಾಲ್ಕೈದು ದಿನಗಳ ಪ್ರವಾಸ ಹೊರಡುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಅವರಿಗೆ ಕಾಡೆಂದರೆ ಪ್ರಾಣ. ಭದ್ರಾ ಕಾಡಿನ ಮುತ್ತೋಡಿಯಲ್ಲಿ ಒಂದು ಕೆಂಜಳಿಲು ಕೊಂಬೆಯಿಂದ ಕೊಂಬೆಗೆ ಹಾರುವುದನ್ನು ನೋಡುತ್ತ ಅರ್ಧ ಗಂಟೆ ಕತ್ತೆತ್ತಿ ನಿಲ್ಲಬಲ್ಲವರು. ನನಗೆ ಕಾಡಿನ ಜೊತೆಗೆ ಇನ್ನೊಂದು ಆಸಕ್ತಿಯೂ ಬೆಳೆದಿದೆ. ಮೂರು ವರ್ಷಗಳ ಹಿಂದೆ ನಂದಿಬೆಟ್ಟದ ತಪ್ಪಲಿನ ಒಂದು ವೈನರಿಗೆ ಹೋಗಿದ್ದಾಗ, ದ್ರಾಕ್ಷಿಯ ಸಿಪ್ಪೆಯನ್ನು ರಸದ ಜೊತೆಯಲ್ಲೇ ಹುದುಗಲು ಬಿಟ್ಟರೆ ಕೆಂಪು ವೈನ್, ಸಿಪ್ಪೆಯನ್ನು ಮೊದಲೇ ಬೇರ್ಪಡಿಸಿದರೆ ಬಿಳಿ ವೈನ್ ಆಗುತ್ತದೆ ಎಂಬ ಸರಳ ಸಂಗತಿಯನ್ನು ಕೇಳಿ ನನಗೆ ಬಹಳ ಬೆರಗಾಯಿತು. ಅಂದಿನಿಂದ ರುಚಿಯ ವ್ಯತ್ಯಾಸಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತ ಬಂದಿದ್ದೇನೆ. ನಮ್ಮ ಊರಿನಲ್ಲಿ ಹೆಣ್ಣುಮಗಳೊಬ್ಬಳು ಇದನ್ನು ಬಾಯಿಬಿಟ್ಟು ಹೇಳಿದರೆ ಮುಖ ಗಂಟಿಕ್ಕಿಕೊಳ್ಳುವವರು ಇದ್ದಾರೆಂದು ಬಲ್ಲೆ. ಆದರೂ ಇದು ನನಗೆ ಕುಡಿತಕ್ಕಿಂತ ಕಲಿಕೆಯ ವಿಷಯ.

ಈ ಎರಡನ್ನೂ ಒಂದೇ ಪ್ರವಾಸದಲ್ಲಿ ಹೊಂದಿಸಲು ಹೋಗಿ ಕಳೆದ ವರ್ಷ ನಮಗೆ ಕಹಿ ಅನುಭವವಾಯಿತು. ಮಲೆನಾಡಿನ ಒಂದು ತೋಟದ ತಂಗುದಾಣದಲ್ಲಿ ಸಂಜೆ ಮನೆಯಲ್ಲೇ ತಯಾರಿಸಿದ ವೈನ್ ಕೊಟ್ಟರು. ರಾತ್ರಿ ಊಟವಾದ ಮೇಲೆ, ಅದೇ ವೈನನ್ನು ನಮಗಿಂತ ಹೆಚ್ಚು ಕುಡಿದಿದ್ದ ವ್ಯಕ್ತಿಯೊಬ್ಬರು ‘ಆನೆ ತೋರಿಸುತ್ತೇನೆ’ ಎಂದು ಎಲ್ಲರನ್ನೂ ಜೀಪಿಗೆ ಹತ್ತಿಸಿ ತೋಟದೊಳಗೆ ಕರೆದೊಯ್ದರು. ಮರಿಯಿದ್ದ ಹೆಣ್ಣಾನೆಯ ಕಣ್ಣಿಗೆ ಟಾರ್ಚ್ ಹಾಕಿದರು. ಅದು ಎರಡು ಹೆಜ್ಜೆ ಮುಂದಿಟ್ಟು, ಕಿವಿ ಅಗಲಿಸಿ, ಮತ್ತೆ ಮರಿಯ ಕಡೆ ತಿರುಗಿತು. ನಮಗೆ ಏನೂ ಆಗಲಿಲ್ಲ ನಿಜ. ಆದರೆ ಆ ಜೀಪಿನಲ್ಲಿ ಕುಳಿತಿದ್ದಕ್ಕಾಗಿ ನಾವಿಬ್ಬರೂ ಇಂದಿಗೂ ನೊಂದುಕೊಳ್ಳುತ್ತೇವೆ.

ಬರುವ ಫೆಬ್ರವರಿ ಕೊನೆಯಲ್ಲಿ ಐದು ದಿನಗಳ ಬಿಡುವಿದೆ. ಕಾಡಿನ ಪ್ರಾಣಿಗಳಿಗೆ ತೊಂದರೆಯಾಗದಂತೆ, ನಮ್ಮ ಪ್ರಯಾಣಕ್ಕೂ ಅಪಾಯವಾಗದಂತೆ ಹಾಸನದಿಂದ ಯಾವ ದಾರಿ ಹಿಡಿಯಬಹುದು? ನಾವಿಬ್ಬರೂ ಸರದಿಯ ಮೇಲೆ ಕಾರು ನಡೆಸುವವರಾದ್ದರಿಂದ ವೈನರಿಯ ದಿನವನ್ನು ಹೇಗೆ ಯೋಜಿಸಬೇಕು? ಮಲೆನಾಡಿನ ರಸ್ತೆಬದಿಯಲ್ಲಿ ಸಿಗುವ ಮನೆ ವೈನ್ ಬಗ್ಗೆ ತಿಳಿದವರ ಅಭಿಪ್ರಾಯವೇನು? ದಯವಿಟ್ಟು ತಿಳಿಸಿ.

ಬಯಲುದಾರಿ, ಕಡೂರು

ನಮಸ್ಕಾರ ಮೇಡಂ. ನೀವು ಆರಿಸಿಕೊಂಡಿರುವ ಕಾಲ ಬಹಳ ಸೂಕ್ತವಾಗಿದೆ. ನಮ್ಮ ರಾಜ್ಯದ ದ್ರಾಕ್ಷಿ ಬೆಳೆಗಾರರು ಬಳ್ಳಿಗೆ ವರ್ಷದಲ್ಲಿ ಎರಡು ಬಾರಿ ಚಾಟನಿ ಮಾಡುತ್ತಾರೆ, ಅಂದರೆ ಕಡ್ಡಿಗಳನ್ನು ಕತ್ತರಿಸುತ್ತಾರೆ. ಏಪ್ರಿಲ್ ಚಾಟನಿ ಕಡ್ಡಿ ಬಲಿಯುವುದಕ್ಕೆ, ಅಕ್ಟೋಬರ್ ಆಸುಪಾಸಿನ ಚಾಟನಿ ಹಣ್ಣು ಬಿಡುವುದಕ್ಕೆ. ಆದ್ದರಿಂದ ಫೆಬ್ರವರಿ, ಮಾರ್ಚ್ ತಿಂಗಳುಗಳು ವೈನ್ ದ್ರಾಕ್ಷಿಯ ಕೊಯ್ಲಿನ ಕಾಲವಾಗಿರುತ್ತವೆ. ಅದೇ ಹೊತ್ತಿಗೆ ಕಾಡಿನ ಒಳಗಿನ ಹಳ್ಳಕೊಳ್ಳಗಳು ಬತ್ತುತ್ತ ಬಂದು ಪ್ರಾಣಿಗಳು ದೊಡ್ಡ ನೀರಿನ ಬಳಿಗೆ ಇಳಿಯತೊಡಗುತ್ತವೆ.

ಬಯಲಿನ ದಾರಿ ನಿಮಗೆ ಒಗ್ಗುವುದಾದರೆ ಹಂಪಿಯ ಕಡೆಗೆ ಹೋಗಿ ಬನ್ನಿ ಎನ್ನುತ್ತೇನೆ. ನಮ್ಮ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು ಎಂಬ ಹುಲ್ಲುಗಾವಲು 2011ರಿಂದ ಸಂರಕ್ಷಣಾ ಮೀಸಲು ಪ್ರದೇಶವಾಗಿದ್ದು, ಬೆಳಗಿನ ಹೊತ್ತು ಕೃಷ್ಣಮೃಗಗಳ ಹಿಂಡು ಹುಲ್ಲಿನಲ್ಲಿ ಮೇಯುವುದನ್ನು ದೂರದಿಂದ ನೋಡಬಹುದು. ಕಾವಲಿನೊಳಗೆ ಕಾರು ನುಗ್ಗಿಸಬೇಡಿ, ದುರ್ಬೀನು ಸಾಕು. ಅಲ್ಲಿಂದ ಹೊಸದುರ್ಗ, ಚಿತ್ರದುರ್ಗದ ಮೇಲೆ ಹೊಸಪೇಟೆ ಸೇರಲು ಉಳಿದ ಹಗಲೆಲ್ಲ ಬೇಕಾಗುತ್ತದೆ. ಮರುದಿನ ಮಧ್ಯಾಹ್ನ ದರೋಜಿ ಕರಡಿಧಾಮಕ್ಕೆ ಹೋಗಿ. 1994ರಲ್ಲಿ ಘೋಷಣೆಯಾದ ಈ ಧಾಮದಲ್ಲಿ ಬಿಸಿಲು ಇಳಿಯುವ ಹೊತ್ತಿಗೆ ಕರಡಿಗಳು ಬಂಡೆಗಳ ಗುಹೆಗಳಿಂದ ಹೊರಬರುತ್ತವೆ. ಅವುಗಳನ್ನು ಸೆಳೆಯಲು ಬಂಡೆಗೆ ಬೆಲ್ಲದ ಪಾಕ ಹಚ್ಚುವ ಪದ್ಧತಿ ನನ್ನ ಮನಸ್ಸಿಗೆ ಪೂರ್ತಿ ಒಪ್ಪಿಗೆಯಾಗಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಆದರೂ ವೀಕ್ಷಣಾ ಗೋಪುರದಿಂದ ತಾಯಿ ಕರಡಿ ಬೆನ್ನ ಮೇಲೆ ಮರಿಯನ್ನು ಹೊತ್ತು ಬರುವುದನ್ನು ಕಂಡ ದಿನವನ್ನು ನಾನು ಮರೆತಿಲ್ಲ. ಹಂಪಿಯ ಬಳಿ ತುಂಗಭದ್ರೆಯ ಒಂದು ಭಾಗವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ಮುಂಜಾನೆ ನದಿಯ ಬದಿಯಲ್ಲಿ ಸದ್ದಿಲ್ಲದೆ ಕುಳಿತರೆ ಅದೃಷ್ಟ ಒಲಿಯಬಹುದು.

ವೈನ್‌ಗೆ ಬಂದರೆ, ಹಂಪಿ ಸೀಮೆಯ ಬೆಟ್ಟಗಳ ನಡುವೆ ಉಮಾ ಮತ್ತು ಕೃಷ್ಣಪ್ರಸಾದ್ ಚಿಗುರುಪಾಟಿ ದಂಪತಿ ಕಟ್ಟಿದ ಕ್ರಿಸ್ಮಾ ಎಸ್ಟೇಟ್ಸ್ ಎಂಬ ವೈನರಿ ಇದೆ. ಕ್ಯಾಬರ್ನೆ ಸೋವಿನ್ಯೋನ್, ಸ್ಯಾಂಜಿಯೋವೇಸೆ ಮುಂತಾದ ದ್ರಾಕ್ಷಿ ತಳಿಗಳನ್ನು ನಮ್ಮ ಬಯಲುನಾಡಿನ ಬಿಸಿಲಿನಲ್ಲಿ ಬೆಳೆದು ತೋರಿಸಿದವರು ಅವರು. ಹೊರಡುವ ಮೊದಲೇ ಭೇಟಿಗೆ ಅವಕಾಶವಿದೆಯೇ ಎಂದು ವಿಚಾರಿಸಿ ಒಪ್ಪಿಗೆ ಪಡೆದುಕೊಳ್ಳಿ. ಕೊಯ್ಲಿನ ನಡುವೆ ಹೇಳದೆ ಕೇಳದೆ ಹೋಗುವುದು ತರವಲ್ಲ.

ಕಾಫಿ ಕಣ, ಸಕಲೇಶಪುರ

ನಿಮ್ಮ ಪ್ರಶ್ನೆಯ ಎರಡನೆಯ ಭಾಗವನ್ನು ಓದಿ ನನಗೆ ಸಂಕಟವಾಯಿತು. ಆನೆಗಳ ನಡುವೆಯೇ ಬದುಕುತ್ತಿರುವ ತೋಟದವನಾಗಿ ಕೆಲವು ಮಾತು ಹೇಳಲೇಬೇಕು.

ಸಕಲೇಶಪುರ, ಆಲೂರು, ಬೇಲೂರು ಭಾಗದ ಆನೆಗಳಿಗೆ ಕಾಫಿ ತೋಟವೇ ಹಗಲಿನ ಮನೆ. ನೆರಳಿನ ಮರ, ಕೆರೆಯ ನೀರು, ಬೈನೆ, ಹಲಸು, ಬಾಳೆ ಎಲ್ಲವೂ ಅಲ್ಲಿವೆ. ಸಂಜೆಯಾದ ಮೇಲೆ ಅವು ಗದ್ದೆಗೂ ಇನ್ನೊಂದು ತೋಟಕ್ಕೂ ಸರಿಯುತ್ತವೆ. ಅಂದರೆ ನಿಮ್ಮನ್ನು ಜೀಪಿನಲ್ಲಿ ಕರೆದೊಯ್ದ ಹೊತ್ತು ಅವು ನಡೆದಾಡುವ, ಮರಿಯಿದ್ದರೆ ಅತ್ಯಂತ ಎಚ್ಚರದಿಂದಿರುವ ಹೊತ್ತು. ಮುಂಜಾನೆ ಕೆಲಸಕ್ಕೆ ಹೊರಟ ನಮ್ಮ ತೋಟದ ಆಳುಗಳು ಇದೇ ದಾರಿಯಲ್ಲಿ ಎದುರಾದ ಆನೆಗೆ ಬಲಿಯಾಗಿದ್ದಾರೆ. ರಾತ್ರಿ ಯಾರೋ ಬೆಳಕು ಹಾಯಿಸಿ, ಕೂಗಾಡಿ ಕೆರಳಿಸಿದ ಆನೆ ಬೆಳಗ್ಗೆ ಯಾರ ಎದುರು ನಿಲ್ಲುತ್ತದೆ ಎಂಬುದನ್ನು ಆ ಜೀಪಿನವರು ಯೋಚಿಸಿರಲಾರರು. ಎಂಟು ಬಾರಿ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ನಮ್ಮ ಯಸಳೂರು ವಲಯದಲ್ಲೇ ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ಒಂಟಿಸಲಗದೊಡನೆ ಕಾದಾಡಿ ಪ್ರಾಣಬಿಟ್ಟ. ಅಂಥ ಪಳಗಿದ ಆನೆಗೇ ಹೀಗಾಯಿತೆಂದರೆ ಒಂದು ಜೀಪಿನ ತಗಡು ಯಾವ ಲೆಕ್ಕ?

ಆದ್ದರಿಂದ ನಮ್ಮ ಕಡೆ ತಂಗುವುದಾದರೆ ಕತ್ತಲಾಗುವ ಮೊದಲು ಮನೆ ಸೇರಿ, ಬೆಳಕು ಹರಿದ ಮೇಲೆ ಹೊರಡಿ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಹಿಂಡು ಎಲ್ಲಿದೆ ಎಂಬ ಮಾಹಿತಿಯನ್ನು ಮೊಬೈಲಿಗೂ ರಸ್ತೆಬದಿಯ ಎಲ್‌ಇಡಿ ಫಲಕಗಳಿಗೂ ಹಾಕುತ್ತಾರೆ. ತಂಗುವ ಮನೆಯವರನ್ನು ಅದರ ಬಗ್ಗೆ ಕೇಳಿ. ‘ಆನೆ ತೋರಿಸುತ್ತೇವೆ’ ಎಂದು ಆಸೆ ಹುಟ್ಟಿಸುವ ಮನೆಯನ್ನು ಬಿಟ್ಟು, ‘ಆನೆ ಬಂದಿದೆ, ಈಗ ಹೊರಗೆ ಬರಬೇಡಿ’ ಎಂದು ಹೇಳುವ ಮನೆಯನ್ನು ಆರಿಸಿಕೊಳ್ಳಿ.

ಕಾಡನ್ನು ಕಾಡಿನಲ್ಲೇ ನೋಡಬೇಕೆಂದಿದ್ದರೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ ನಿಮ್ಮಿಂದ ದೂರವಿಲ್ಲ. ಮುತ್ತೋಡಿಯನ್ನು ನೀವು ಕಂಡಿದ್ದೀರಿ. ಈ ಬಾರಿ ತರೀಕೆರೆಯ ಕಡೆಯಿಂದ ಲಕ್ಕವಳ್ಳಿಗೆ ಹೋಗಿ. ಹಿನ್ನೀರು ಇಳಿಯುತ್ತ ಹೋದಂತೆ ನೀರಿನಿಂದ ಮೇಲೆ ಕಾಣಿಸಿಕೊಳ್ಳುವ ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಸೇರಿ ಬರಿನೆಲದಲ್ಲೇ ಮೊಟ್ಟೆಯಿಡುತ್ತವೆ. ಫೆಬ್ರವರಿ ಕೊನೆಗೆ ಆ ಗದ್ದಲ ಶುರುವಾಗಿರುತ್ತದೆ. ದೋಣಿಯಿಂದ ದಡದಲ್ಲಿ ಆನೆ, ಕಾಟಿಗಳೂ (ಕಾಡುಕೋಣ) ಕಾಣಿಸಬಹುದು. ಕಾಡಿನೊಳಗಿದ್ದ ಹಳ್ಳಿಗಳ ಜನ 2001, 2002ರ ಸುಮಾರಿಗೆ ತಮ್ಮ ಮನೆ, ಗದ್ದೆ, ದೇವರ ಬನಗಳನ್ನು ಬಿಟ್ಟು ಹೊರಗೆ ನೆಲೆಸಿದ್ದರಿಂದಲೇ ಇಂದು ಅಲ್ಲಿ ಹುಲ್ಲು ಬೆಳೆದು ಜಿಂಕೆ, ಕಾಟಿ ಮೇಯುತ್ತಿವೆ. ಸಫಾರಿಗೆ ಹೋಗುವವರಿಗೆ ಇದು ತಿಳಿದಿರಬೇಕು ಎಂಬುದು ನನ್ನ ಆಸೆ.

ಮನೆ ವೈನ್ ವಿಷಯ. ನಮ್ಮ ಮನೆಯಲ್ಲೂ ಅಜ್ಜಿಯ ಕಾಲದಿಂದ ಭರಣಿಯಲ್ಲಿ ನೇರಳೆ, ದ್ರಾಕ್ಷಿ ಹುದುಗಿಸುವ ವಾಡಿಕೆ ಇತ್ತು, ಅದರ ರುಚಿಯ ಬಗ್ಗೆ ನನಗೆ ಪ್ರೀತಿಯಿದೆ. ಆದರೆ ಪರವಾನಗಿಯಿಲ್ಲದೆ ಮಾರುವುದು ಅಬಕಾರಿ ಕಾನೂನಿಗೆ ವಿರುದ್ಧ. ಅದಕ್ಕಿಂತ ಮುಖ್ಯವಾಗಿ, ಆ ಬಾಟಲಿಯ ಮೇಲೆ ಮದ್ಯಸಾರದ ಪ್ರಮಾಣ ಬರೆದಿರುವುದಿಲ್ಲ. ಸಕ್ಕರೆ ಹೆಚ್ಚು ಹಾಕಿದ ವೈನ್ ನಾಲಿಗೆಗೆ ಪಾನಕದಂತೆ ಸಿಹಿಯಾಗಿದ್ದು, ಎಷ್ಟು ಒಳಗೆ ಹೋಯಿತೆಂಬ ಅಂದಾಜನ್ನೇ ತಪ್ಪಿಸುತ್ತದೆ. ರಸ್ತೆಬದಿಯಲ್ಲಿ ಕೊಳ್ಳಬೇಡಿ.

ರುಚಿನೋಟ, ಚಿಕ್ಕಮಗಳೂರು

ನಾನು ಕಾಫಿಯ ರುಚಿ ನೋಡುವ ಕೆಲಸದಲ್ಲಿರುವವನು. ನಿಮ್ಮ ಎರಡನೆಯ ಪ್ರಶ್ನೆಗೆ, ಅಂದರೆ ಇಬ್ಬರೂ ಕಾರು ನಡೆಸುವವರಾದಾಗ ವೈನರಿಯ ದಿನವನ್ನು ಹೇಗೆ ನಡೆಸಬೇಕು ಎಂಬುದಕ್ಕೆ, ನನ್ನ ಕಸುಬಿನಲ್ಲೇ ಉತ್ತರವಿದೆ. ಒಂದು ಬೆಳಗ್ಗೆ ನಾವು ಹತ್ತಾರು ಬಟ್ಟಲು ಕಾಫಿಯನ್ನು ಚಮಚದಲ್ಲಿ ಹೀರಿ, ಬಾಯಿ ತುಂಬ ಹರಡಿ, ಉಗಿದುಬಿಡುತ್ತೇವೆ. ನುಂಗದೆಯೂ ಹುಳಿ, ಒಗರು, ಕಹಿ, ಕಂಪು ಎಲ್ಲವೂ ತಿಳಿಯುತ್ತವೆ. ವೈನ್ ಬಲ್ಲವರೂ ಹೀಗೆಯೇ ಮಾಡುತ್ತಾರೆ. ರುಚಿ ನೋಡುವ ಮೇಜಿನ ಬಳಿ ಉಗಿಯುವ ಪಾತ್ರೆ ಕಾಣದಿದ್ದರೆ ಸಂಕೋಚವಿಲ್ಲದೆ ಕೇಳಿ ಪಡೆಯಿರಿ.

ಲೆಕ್ಕವನ್ನು ಒಮ್ಮೆ ನೋಡಿ. ಐದು ಬಗೆಯ ವೈನನ್ನು ತಲಾ 30 ಮಿಲಿಲೀಟರಿನಂತೆ ನುಂಗಿದರೆ 150 ಮಿಲಿಲೀಟರ್ ಆಯಿತು. ಶೇಕಡ 13ರಷ್ಟು ಮದ್ಯಸಾರವಿರುವ ವೈನಾದರೆ ಅದರಲ್ಲಿ ಸುಮಾರು 15 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನ ಪ್ರಕಾರ ಚಾಲಕರ 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಬಾರದು. ಹಗುರ ಮೈಕಟ್ಟಿನವರಲ್ಲಿ ಆ 15 ಗ್ರಾಂ ಈ ಮಿತಿಯನ್ನು ದಾಟಿಸಲು ಸಾಕು. 2019ರ ತಿದ್ದುಪಡಿಯ ಬಳಿಕ ಮೊದಲ ತಪ್ಪಿಗೇ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ವಿಧಿಸಬಹುದು. ‘ಬರೀ ರುಚಿ ನೋಡಿದೆ’ ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ಹೀಗಾಗಿ ವೈನರಿಯ ದಿನ ಒಬ್ಬರು ಒಂದು ಹನಿಯನ್ನೂ ನುಂಗಬಾರದು, ಇಲ್ಲವೇ ಸ್ಥಳೀಯ ಬಾಡಿಗೆ ಕಾರಿನಲ್ಲಿ ಹೋಗಿ ಬರಬೇಕು. ನನ್ನ ಹೆಂಡತಿ ಮತ್ತು ನಾನು ಎರಡನೆಯದನ್ನೇ ಮಾಡುತ್ತೇವೆ. ಮುಂಜಾನೆ ಕಾಡು, ಮಧ್ಯಾಹ್ನ ವಿಶ್ರಾಂತಿ, ಆಮೇಲೆ ವೈನ್, ಅಲ್ಲಿಗೆ ಅಂದಿನ ಓಡಾಟ ಮುಗಿಯಿತು. ವೈನ್ ಸವಿದ ದಿನ ಮತ್ತೆ ಕಾಡಿನ ಕಡೆ ಮುಖ ಮಾಡುವುದಿಲ್ಲ.

ನಿಮ್ಮ ಪುಸ್ತಕಕ್ಕೆಂದು ಒಂದೆರಡು ಮಾತು. ಕೆಂಪು ವೈನಿನಲ್ಲಿ ನಾಲಿಗೆಯ ಅಂಚನ್ನು ಬಿಗಿಹಿಡಿಯುವ ಗುಣವನ್ನು ಹೇಳಲು ಹೊರಗಿನ ಪದವನ್ನು ಹುಡುಕಬೇಕಾಗಿಲ್ಲ. ಎಳೆಯ ಅಡಿಕೆಯಲ್ಲಿ, ಬಲಿಯದ ಬಾಳೆಕಾಯಿಯಲ್ಲಿ ನಾವು ದಿನವೂ ಕಾಣುವ ಒಗರೇ ಅದು. ಸಿಪ್ಪೆ, ಬೀಜಗಳಿಂದ ಇಳಿದು ಬರುತ್ತದೆ. ಎಳೆಯ ವೈನಿನಲ್ಲಿ ಒರಟಾಗಿರುವ ಈ ಒಗರು ಓಕ್ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಕುಳಿತ ಮೇಲೆ ಮೆತ್ತಗಾಗುತ್ತದೆ. ನೀವು ಹೋಗಿದ್ದ ನಂದಿಯ ತಪ್ಪಲಿನಲ್ಲಿ ಗ್ರೋವರ್ ಮನೆತನದವರು 1988ರಲ್ಲಿ ಆರಂಭಿಸಿದ ತೋಟದ ‘ಲಾ ರಿಸರ್ವ್’ ಕ್ಯಾಬರ್ನೆ ಮತ್ತು ಶಿರಾಜ್ ದ್ರಾಕ್ಷಿಗಳ ಮಿಶ್ರಣ. ಅದರ ಪಕ್ಕದಲ್ಲಿ ಪೀಪಾಯಿ ಕಾಣದ ಎಳೆಯ ಕೆಂಪು ವೈನ್ ಒಂದನ್ನು ಇಟ್ಟು ರುಚಿ ನೋಡಿದರೆ ನಾನು ಹೇಳುವುದು ನಾಲಿಗೆಗೇ ತಿಳಿಯುತ್ತದೆ. ಭೌಗೋಳಿಕ ಸೂಚಿಕೆ ಪಡೆದಿರುವ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯ ಸಿಹಿ ವೈನನ್ನೂ ಕಡೆಗಣಿಸಬೇಡಿ. ಬಲ್ಲವರು ಅದನ್ನು ಕೀಳಾಗಿ ಕಾಣುವುದುಂಟು. ನನಗೆ ಅದರಲ್ಲಿ ಬಾಲ್ಯದ ಹಣ್ಣಿನಂಗಡಿಯ ಕಂಪು ಇದೆ.

ರುಚಿ ನೋಡುವ ದಿನ ಬೆಳಗ್ಗೆ ಗಟ್ಟಿ ಕಾಫಿ, ಉಪ್ಪಿನಕಾಯಿ, ಎಲೆಅಡಿಕೆ ಬೇಡ. ಸುಗಂಧದ್ರವ್ಯ ಕಾಡಿಗೂ ಬೇಡ, ವೈನ್ ಮೇಜಿಗೂ ಬೇಡ.

ಕೆರೆ ಏರಿ, ಶ್ರವಣಬೆಳಗೊಳ

ಹಂಪಿಯ ದಾರಿ ಸೊಗಸಾಗಿದ್ದರೂ ಐದು ದಿನಗಳಲ್ಲಿ ಕಾರಿನಲ್ಲೇ ಹೆಚ್ಚು ಹೊತ್ತು ಕಳೆದುಹೋಗುತ್ತದೆ ಎಂಬುದು ನನ್ನ ಅನಿಸಿಕೆ. ಹಾಸನದವರಿಗೆ ದಕ್ಷಿಣದ ದಾರಿ ಇನ್ನೂ ಹತ್ತಿರ. ಚನ್ನರಾಯಪಟ್ಟಣ, ಕಿಕ್ಕೇರಿ, ಕೆ.ಆರ್. ಪೇಟೆಯ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದರೆ ರಂಗನತಿಟ್ಟು. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ರಕ್ಷಣೆ ಪಡೆದ ಈ ಕಾವೇರಿಯ ನಡುಗಡ್ಡೆಗಳಲ್ಲಿ ಫೆಬ್ರವರಿಯ ವೇಳೆಗೆ ಬಣ್ಣದ ಕೊಕ್ಕರೆಗಳ ಸಂಸಾರ ನಡೆದಿರುತ್ತದೆ, ಬಂಡೆಗಳ ಮೇಲೆ ಮೊಸಳೆಗಳು ಬಿಸಿಲು ಕಾಯಿಸುತ್ತಿರುತ್ತವೆ. ಮೊದಲ ದೋಣಿಗೇ ಹೋಗಿ.

ಅಲ್ಲಿಂದ ಮದ್ದೂರು ದಾಟಿ ರುದ್ರಾಕ್ಷಿಪುರದ ಬಳಿ ತಿರುಗಿದರೆ ಕೊಕ್ಕರೆ ಬೆಳ್ಳೂರು. ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಮುಖ್ಯ ಪಥದಲ್ಲೇ ಉಳಿದರೆ ಆ ತಿರುವು ತಪ್ಪಿಹೋಗುತ್ತದೆ, ಆದ್ದರಿಂದ ಮೊದಲೇ ಸರ್ವಿಸ್ ರಸ್ತೆಗೆ ಇಳಿಯಿರಿ. ಊರ ನಡುವಿನ ಹುಣಸೆ, ಆಲದ ಮರಗಳಲ್ಲಿ, ಮನೆಗಳ ಹೆಂಚಿನ ಮೇಲೆಯೇ ಎಂಬಂತೆ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ನೋಡಿಕೊಳ್ಳುತ್ತಾರೆ. ಮರದ ಕೆಳಗೆ ನಿಂತರೆ ಹಿಕ್ಕೆ ಬೀಳುತ್ತದೆ, ಮೀನಿನ ನಾತವೂ ಇರುತ್ತದೆ. ಅದನ್ನು ವರ್ಷಗಟ್ಟಲೆ ಸಹಿಸಿದ ಮನೆಗಳವು ಎಂಬ ಗೌರವದಿಂದ ಓಡಾಡಿ.

ಅಲ್ಲಿಂದ ಚನ್ನಪಟ್ಟಣ ಸಮೀಪ. ಹಿಂದೆ ಹೆರಿಟೇಜ್ ಎಂಬ ಹೆಸರಿದ್ದ ವೈನರಿ ಈಗ ಡೊಮೇನ್ ಸುಲಾ ಆಗಿದೆ. ತೋಟ, ತೊಟ್ಟಿಗಳನ್ನು ತೋರಿಸಿ ರುಚಿ ನೋಡಿಸುತ್ತಾರೆ. ಅಂದು ಚನ್ನಪಟ್ಟಣ ಅಥವಾ ರಾಮನಗರದಲ್ಲೇ ತಂಗಿ, ಮರುದಿನ ಬೆಳಗ್ಗೆ ರಾಮದೇವರ ಬೆಟ್ಟಕ್ಕೆ ಹೋಗಿ. 2012ರಲ್ಲಿ ರಣಹದ್ದುಗಳಿಗಾಗಿಯೇ ಧಾಮವೆಂದು ಘೋಷಿಸಿದ ಬೆಟ್ಟವದು. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವುನಿವಾರಕ, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ದೇಶದಾದ್ಯಂತ ಅವುಗಳ ವಂಶವನ್ನೇ ಅಳಿಸುತ್ತ ಬಂತು. 2006ರಲ್ಲಿ ಪಶುವೈದ್ಯದಲ್ಲಿ ಅದನ್ನು ನಿಷೇಧಿಸಿದರೂ ಚೇತರಿಕೆ ಬಹಳ ನಿಧಾನ. ಆ ಬಂಡೆಯ ಮೇಲೆ ಉದ್ದ ಕೊಕ್ಕಿನ ರಣಹದ್ದು ಒಂದೇ ಒಂದು ಕಂಡರೂ ನೀವು ಪುಣ್ಯವಂತರು.

ಹೇಮಾವತಿ ದಂಡೆ, ಹಾಸನ

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ನಾವಿಬ್ಬರೂ ಋಣಿಗಳು. ನಿನ್ನೆ ರಾತ್ರಿ ಊಟದ ನಂತರ ನಿಮ್ಮ ಉತ್ತರಗಳನ್ನು ಯಜಮಾನರಿಗೆ ಓದಿ ಹೇಳಿದೆ. ಅರ್ಜುನನ ವಿಷಯ ಬಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಾಗಿಬಿಟ್ಟರು.

ಈ ಬಾರಿ ಲಕ್ಕವಳ್ಳಿಯ ಜೊತೆಗೆ ದಕ್ಷಿಣದ ದಾರಿ ಎಂದು ತೀರ್ಮಾನಿಸಿದ್ದೇವೆ. ಮೊದಲ ಎರಡು ದಿನ ಲಕ್ಕವಳ್ಳಿ, ಮೂರನೆಯ ದಿನ ಹಾಸನದಲ್ಲಿ ವಿಶ್ರಾಂತಿ, ಆಮೇಲೆ ರಂಗನತಿಟ್ಟು, ಕೊಕ್ಕರೆ ಬೆಳ್ಳೂರು ನೋಡಿ ಚನ್ನಪಟ್ಟಣದಲ್ಲಿ ತಂಗಿ, ವೈನರಿಗೆ ಬಾಡಿಗೆ ಕಾರಿನಲ್ಲಿ ಹೋಗಿಬರುವುದು. ಕೊನೆಯ ಬೆಳಗ್ಗೆ ರಾಮದೇವರ ಬೆಟ್ಟ. ಹಂಪಿಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡಿದ್ದೇವೆ. ಒಂದೇ ಒಂದು ಸಂದೇಹ ಉಳಿದಿದೆ: ವೈನರಿಯಲ್ಲಿ ಒಂದೆರಡು ಬಾಟಲಿ ಕೊಂಡರೆ, ಮುಂದೆ ಕಾಡಿಗೆ ಹೋಗುವಾಗ ಕಾರಿನಲ್ಲಿ ಇಟ್ಟುಕೊಳ್ಳಬಹುದೇ?

ಕಾಫಿ ಕಣ, ಸಕಲೇಶಪುರ

ಬೇಡ. ರಕ್ಷಿತಾರಣ್ಯಗಳ ತಪಾಸಣಾ ಗೇಟಿನಲ್ಲಿ ಮದ್ಯವನ್ನು ಒಳಗೆ ಬಿಡುವುದಿಲ್ಲ. ನೀವು ಹೇಳಿದ ಕ್ರಮದಲ್ಲಿ ಲಕ್ಕವಳ್ಳಿ ಮೊದಲೇ ಮುಗಿಯುವುದರಿಂದ ಆ ತೊಡಕು ಬರುವುದಿಲ್ಲ. ರಾಮದೇವರ ಬೆಟ್ಟಕ್ಕೆ ಹೋಗುವ ಬೆಳಗ್ಗೆ ಮಾತ್ರ ಬಾಟಲಿಗಳನ್ನು ತಂಗಿದ ಕೋಣೆಯಲ್ಲೇ ಬಿಟ್ಟು, ಬೆಟ್ಟ ಇಳಿದ ಮೇಲೆ ತೆಗೆದುಕೊಳ್ಳಿ. ಕೊಂಡ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಫೆಬ್ರವರಿಯ ಬಿಸಿಲಿಗೆ ನಿಲ್ಲಿಸಿದ ಕಾರು ಒಲೆಯಂತಾಗಿ ವೈನ್ ಕೆಡುತ್ತದೆ. ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಡಿಕ್ಕಿಗೆ ಹಾಕದೆ ಸೀಟಿನ ಕೆಳಗೆ ನೆರಳಿನಲ್ಲಿ ಮಲಗಿಸಿ ತನ್ನಿ.